ಎರಡು ಕಡಲುಗಳ ನಡುವೆ ಒಂದು ದಾರಿ

ಕೊಣನೂರಿನ ನಮ್ಮ ಹಳೆಯ ಮನೆಯ ಅಡುಗೆಕೋಣೆಯ ಮೂಲೆಯಲ್ಲಿ ಕಲ್ಲಿನ ಮರಿಗೆಯೊಂದಿತ್ತು. ಅದರಲ್ಲಿ ವರ್ಷದ ಹರಳುಪ್ಪನ್ನು ತುಂಬಿಡುತ್ತಿದ್ದರು. ಆಷಾಢದ ಗಾಳಿ ಬೀಸಿ ಕಾವೇರಿ ಕೆಂಪಾಗುವ ಹೊತ್ತಿಗೆ ಆ ಉಪ್ಪು ನೀರೊಡೆಯುತ್ತಿತ್ತು. ಮರಿಗೆಯ ಹೊರಮೈಯಲ್ಲಿ ಹನಿಗಳು ಮೂಡುತ್ತಿದ್ದವು. ಅದನ್ನು ಕಂಡಾಗಲೆಲ್ಲ ನಮ್ಮ ಅಜ್ಜಿ, "ಉಪ್ಪಿಗೆ ತೌರಿನ ನೆನಪಾಗಿದೆ ಕಣೋ ಮಗು" ಎನ್ನುತ್ತಿದ್ದರು. ಅಜ್ಜಿ ತಮ್ಮ ಜೀವಮಾನದಲ್ಲಿ ಕಡಲನ್ನು ಕಂಡವರಲ್ಲ. ಆದರೆ ಉಪ್ಪಿನ ತೌರು ಘಟ್ಟದ ಕೆಳಗಿದೆ, ಅಲ್ಲಿಂದ ನಮ್ಮೂರಿಗೆ ಒಂದು ದಾರಿಯುಂಟು, ಆ ದಾರಿ ಮಳೆಗಾಲದಲ್ಲಿ ಮುಚ್ಚಿಹೋಗುತ್ತದೆ ಎಂಬ ಮೂರು ಸಂಗತಿಗಳು ಅವರಿಗೆ ಚೆನ್ನಾಗಿ ಗೊತ್ತಿದ್ದವು. ಈ ಹೊತ್ತು ನಾನು ಹೇಳಬೇಕೆಂದಿರುವುದೂ ಹೆಚ್ಚುಕಡಿಮೆ ಈ ಮೂರು ಸಂಗತಿಗಳನ್ನೇ.

ಪಡುಗಡಲ ತೀರದ ಮಂಗಳೂರಿನಿಂದ ಮೂಡಣ ಕಡಲ ತೀರದ ಚೆನ್ನೈವರೆಗೆ ಒಂದು ದಾರಿ ಹೋಗುತ್ತದೆ. ಬಂಟ್ವಾಳ, ಉಪ್ಪಿನಂಗಡಿ, ಶಿರಾಡಿಗಳನ್ನು ದಾಟಿ ಅದು ಸಕಲೇಶಪುರಕ್ಕೆ ಏರುತ್ತದೆ. ಹಾಸನ, ಚನ್ನರಾಯಪಟ್ಟಣ, ಕುಣಿಗಲ್ಲುಗಳ ಬಯಲನ್ನು ಹಾದು ಬೆಂಗಳೂರನ್ನು ಮುಟ್ಟುತ್ತದೆ. ಅಲ್ಲಿಂದ ಕೋಲಾರ, ಮುಳಬಾಗಿಲುಗಳ ಕಡೆಯಿಂದ ಪೂರ್ವಘಟ್ಟವನ್ನು ಇಳಿದು ತಮಿಳು ಸೀಮೆಯ ಬಯಲನ್ನು ಸೇರುತ್ತದೆ. ಒಟ್ಟು ಏಳುನೂರು ಕಿಲೋಮೀಟರಿನ ಆಸುಪಾಸು. ಅಮೆರಿಕ, ಕೆನಡಾ, ಆಸ್ಟ್ರೇಲಿಯಗಳಂಥ ವಿಶಾಲ ದೇಶಗಳಲ್ಲಿ ಕಡಲಿನಿಂದ ಕಡಲಿಗೆ ಹಾಸಿದ ದಾರಿಗಳ ಮುಂದೆ ಇದು ಚಿಕ್ಕದೇ. ಆದರೆ ದಾರಿಯ ದೊಡ್ಡತನವನ್ನು ಬರಿಯ ಮೈಲಿಗಲ್ಲುಗಳಿಂದ ಅಳೆಯುವಂತಿಲ್ಲ. ಎರಡು ಘಟ್ಟಗಳು, ನಾಲ್ಕು ಭಾಷೆಗಳು, ಹಲವು ರಾಜ್ಯಗಳ ಏಳುಬೀಳುಗಳು ಈ ದಾರಿಯ ಮಗ್ಗುಲಲ್ಲಿವೆ.

ಕೊಣನೂರು ಈ ದಾರಿಯ ಮೇಲಿಲ್ಲ. ನಮ್ಮ ಉತ್ತರಕ್ಕೆ ಹಾಸನದ ಹೆದ್ದಾರಿ; ದಕ್ಷಿಣಕ್ಕೆ ಮೈಸೂರು, ಕುಶಾಲನಗರ, ಮಡಿಕೇರಿ, ಸಂಪಾಜೆಗಳ ಮೂಲಕ ಅದೇ ಬಂಟ್ವಾಳಕ್ಕೆ ಇಳಿಯುವ ಇನ್ನೊಂದು ಹೆದ್ದಾರಿ. ಈ ಎರಡರ ನಡುವೆ, ಕಾವೇರಿಯ ದಡದಲ್ಲಿ, ರಾಮನಾಥಪುರಕ್ಕೆ ನೆರೆಯಾಗಿ ನಮ್ಮೂರು ಕುಳಿತಿದೆ. ದೊಡ್ಡ ದಾರಿಯ ಮೇಲಿರುವವರಿಗೆ ದಾರಿ ಕಾಣುವುದಿಲ್ಲ, ವಾಹನಗಳಷ್ಟೇ ಕಾಣುತ್ತವೆ. ಸ್ವಲ್ಪ ದೂರದಲ್ಲಿದ್ದು ಅದರಿಂದ ಬರುವುದನ್ನೂ ಬಾರದಿರುವುದನ್ನೂ ಲೆಕ್ಕವಿಡುವವರಿಗೆ ದಾರಿಯ ಗುಣ ತಿಳಿಯುತ್ತದೆ ಎಂದು ನನ್ನ ನಂಬಿಕೆ.

ಮನುಷ್ಯರಿಗಿಂತ ಮೊದಲು ಈ ನೆಲದಲ್ಲಿ ದಾರಿ ಮಾಡಿದ್ದು ನೀರು. ಸಕಲೇಶಪುರ ತಾಲ್ಲೂಕಿನ ಬಿಸಿಲೆಯ ಕಡೆಗೆ ಹೋಗುವಾಗ ಮಂಕನಹಳ್ಳಿಯ ಬಳಿ ದಿಣ್ಣೆಯೊಂದರ ಮೇಲೆ ಒಂದು ಕಲ್ಲನ್ನು ನೆಟ್ಟಿದ್ದಾರೆ. ಅದರ ಒಂದು ಮಗ್ಗುಲಿಗೆ ಬಿದ್ದ ಮಳೆ ಬಂಗಾಳ ಕೊಲ್ಲಿಗೆ, ಇನ್ನೊಂದು ಮಗ್ಗುಲಿಗೆ ಬಿದ್ದದ್ದು ಅರಬ್ಬೀ ಸಮುದ್ರಕ್ಕೆ ಎಂದು ಆ ಕಲ್ಲು ಸಾರುತ್ತದೆ. ಪೂರ್ವಕ್ಕೆ ಸರಿದ ಹನಿ ಹೇಮಾವತಿಯ ಪಾಲಾಗಿ, ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡಿ, ತಂಜಾವೂರಿನ ಗದ್ದೆಗಳನ್ನು ತೊಯ್ಯಿಸಿ ಮೂಡಣ ಕಡಲಿಗೆ ಸೇರುತ್ತದೆ. ಪಶ್ಚಿಮಕ್ಕೆ ಜಾರಿದ ಹನಿ ಕುಮಾರಧಾರೆಯಾಗಿ, ನೇತ್ರಾವತಿಯಾಗಿ ಮಂಗಳೂರಿನಲ್ಲಿ ಕಡಲನ್ನು ಮುಟ್ಟುತ್ತದೆ. ಒಂದು ಹನಿಗೆ ಕೆಲವೇ ದಿನಗಳ ಪ್ರಯಾಣ. ಅದರ ಒಡಹುಟ್ಟಿದ ಇನ್ನೊಂದಕ್ಕೆ ಅರ್ಧ ದಕ್ಷಿಣಾಪಥವನ್ನು ಸುತ್ತುವ ಯಾತ್ರೆ. ಘಟ್ಟದ ಪಡುವಣ ಮುಖ ಗೋಡೆಯಂತೆ ಕಡಿದು, ಮೂಡಣ ಮುಖ ಅಂಗಳದಂತೆ ಇಳುಕಲಾಗಿರುವುದೇ ಇದಕ್ಕೆ ಕಾರಣ. ನಮ್ಮ ದಾರಿಯ ಇತಿಹಾಸವೆಲ್ಲ ಈ ಗೋಡೆಯನ್ನು ಏರಿ ಇಳಿದವರ ಇತಿಹಾಸ.

ಹೊಯ್ಸಳರ ಕಾಲಕ್ಕೆ ಈ ಎರಡು ಕಡಲುಗಳ ಕಲ್ಪನೆ ನಮ್ಮ ರಾಜಕಾರಣದಲ್ಲಿ ನಿಚ್ಚಳವಾಗಿ ಕಾಣಿಸುತ್ತದೆ. ಮಲೆನಾಡಿನ ಅಂಚಿನಲ್ಲಿ ತಲೆಯೆತ್ತಿದ ಆ ವಂಶ ಹದಿಮೂರನೆಯ ಶತಮಾನದಲ್ಲಿ ಸೋಮೇಶ್ವರನ ಕಾಲಕ್ಕೆ ಶ್ರೀರಂಗದ ಸಮೀಪದ ಕಣ್ಣನೂರಿನಲ್ಲಿ ರಾಜಧಾನಿಯನ್ನು ಹೂಡಿತು. ಮೂರನೆಯ ಬಲ್ಲಾಳ ತನ್ನ ಕೊನೆಗಾಲದಲ್ಲಿ ತಿರುವಣ್ಣಾಮಲೆಯಲ್ಲಿ ನೆಲೆಸಿದ್ದ. ಅವನ ರಾಣಿ, ಆಳುಪರ ಮನೆತನದ ಚಿಕ್ಕಾಯಿತಾಯಿ, ಬಾರಕೂರಿನಿಂದ ತುಳುನಾಡನ್ನು ಆಳುತ್ತಿದ್ದಳು. ಗಂಡ ಮೂಡಣ ಬಯಲಿನಲ್ಲಿ, ಹೆಂಡತಿ ಪಡುವಣ ಕರೆಯಲ್ಲಿ. ಈ ದಾಂಪತ್ಯದ ನಡುವೆ ಓಲೆಗಾರರು, ಕಾಲಾಳುಗಳು, ಹೇರೆತ್ತುಗಳು ಘಟ್ಟವನ್ನು ಎಷ್ಟು ಸಲ ಹತ್ತಿಳಿದಿರಬೇಕೆಂಬುದನ್ನು ನಾವು ಊಹಿಸಿಕೊಳ್ಳಬಹುದು.

ಆ ಕಾಲದ ಶಾಸನಗಳಲ್ಲಿ 'ಹೆಜ್ಜುಂಕ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಪಿರಿದಾದ ಸುಂಕವೇ ಪೆರ್ಜುಂಕ, ಹೆಜ್ಜುಂಕ. ಪಿರಿದಾದ ದಾರಿಯೇ ಹೆದ್ದಾರಿ. ಒಂದೇ ಅಚ್ಚಿನಲ್ಲಿ ಎರಕವಾದ ಮಾತುಗಳಿವು. ಅಯ್ಯಾವೊಳೆಯ ಐನೂರ್ವರು, ನಾನಾದೇಸಿಗಳು ಎಂದು ಕರೆಸಿಕೊಂಡ ವರ್ತಕ ಸಂಘಗಳು ಕತ್ತೆ, ಎತ್ತು, ಕೋಣಗಳ ಮೇಲೆ ಸರಕು ಹೇರಿ ನಾಡಿನಿಂದ ನಾಡಿಗೆ ನಡೆಯುತ್ತಿದ್ದಾಗ ಸುಂಕದ ಅಧಿಕಾರಿಗಳು ಹೇರಿಗಿಷ್ಟು ಎಂದು ಎಣಿಸಿಕೊಳ್ಳುತ್ತಿದ್ದರು. ಆ ಸುಂಕದಲ್ಲಿ ಒಂದು ಪಾಲನ್ನು ದೇವರ ನಂದಾದೀಪಕ್ಕೋ ಕೆರೆಗೋ ಬಿಟ್ಟುಕೊಟ್ಟ ದಾಖಲೆಗಳು ನಮ್ಮ ಜಿಲ್ಲೆಯ ಕಲ್ಲುಗಳ ಮೇಲೆ ಬೇಕಾದಷ್ಟಿವೆ. ಶಾಂತಲೆಯ ಹೆಸರಿನೊಡನೆ ಹೆಣೆದುಕೊಂಡಿರುವ ಶಾಂತಿಗ್ರಾಮದಲ್ಲಿ ಇಂದು ಹೆದ್ದಾರಿಯ ಸುಂಕದ ಕಟ್ಟೆಯಿದೆ. ಅಲ್ಲಿ ಕಾರು ನಿಂತಾಗಲೆಲ್ಲ ನನಗೆ ಈ ಹಳೆಯ ಮಾತು ನೆನಪಾಗುತ್ತದೆ. ಹೆಸರು ಬದಲಾಗಿದೆ, ಹೇರು ಬದಲಾಗಿದೆ. ಕೈಯೊಡ್ಡುವ ರೀತಿ ಮಾತ್ರ ಬದಲಾಗಿಲ್ಲ.

ವರ್ತಕರ ದಾರಿ ಸೈನ್ಯದ ದಾರಿಯಾಗಲು ಹೆಚ್ಚು ಕಾಲ ಬೇಕಾಗುವುದಿಲ್ಲ. 1791ರಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಮದರಾಸಿನ ಕಡೆಯಿಂದ ಬಂದು, ಮುಗಳಿ ಕಣಿವೆಯನ್ನೇರಿ, ಪಲಮನೇರು, ಕೋಲಾರಗಳ ದಾರಿಯಾಗಿ ಬೆಂಗಳೂರಿನ ಕೋಟೆಯನ್ನು ಹಿಡಿದ. ಮರುವರ್ಷದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ ಅರ್ಧ ರಾಜ್ಯವನ್ನು ಕಳೆದುಕೊಂಡ. ಮಂಗಳೂರು ಮಾತ್ರ ಅವನ ಕೈಯಲ್ಲೇ ಉಳಿಯಿತು. ಆ 1792ರಲ್ಲೇ ಸಕಲೇಶಪುರದ ಪಶ್ಚಿಮಕ್ಕೆ, ಮಂಗಳೂರಿನ ದಾರಿಗೆ ಕಣ್ಣಿಟ್ಟಂತೆ, ಎಂಟು ಮೂಲೆಗಳ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ ಎದ್ದಿತು. ಫ್ರೆಂಚರ ದುರ್ಗವಿದ್ಯೆಯ ಮಾದರಿಯಲ್ಲಿ ಕಟ್ಟಿದ ಕೋಟೆ ಅದು. ಮೂಡಣ ಕಡಲಿನಿಂದ ಶತ್ರು ಹೇಗೆ ಬರುತ್ತಾನೆಂಬುದನ್ನು ಕಂಡವನು ಪಡುವಣ ಕಡಲಿನ ಬಾಗಿಲಿಗೆ ಅಗುಳಿ ಹಾಕಿದ್ದು ಸಹಜವೇ. ಕೋಟೆಯ ಮೇಲೆ ನಿಂತರೆ ಇಂದಿಗೂ ಕೆಳಗೆ ದಾರಿ ಕಾಣುತ್ತದೆ. ಆದರೆ ವರ್ಷದ ಬಹುಭಾಗ ಅಲ್ಲಿ ಮಂಜು. ಮಂಜರಾಬಾದ್ ಎಂಬ ಹೆಸರೇ ಮಂಜಿನಿಂದ ಬಂತೆಂದು ಜನ ಹೇಳುತ್ತಾರೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಕೋಟೆಯ ಕಾವಲು ಮುಗಿಯಿತು. ದಾರಿಯ ಜಗಳ ಮುಗಿಯಲಿಲ್ಲ. ಬಲಂ ಸೀಮೆಯ ಐಗೂರಿನ ಪಾಳೆಯಗಾರ ವೆಂಕಟಾದ್ರಿ ನಾಯಕ ಕಂಪನಿಗೆ ತಲೆಬಾಗದೆ ಕಾಡಿನಲ್ಲಿ ನಿಂತ. ನಮ್ಮ ಅರಕಲಗೂಡನ್ನು ಕಟ್ಟಿಸಿದವರೂ ಇದೇ ಐಗೂರಿನ ಮನೆತನದವರು. ಮಂಗಳೂರಿನ ದಾರಿ ಅವನ ಕಾಡಿನೊಳಗಿಂದ ಹಾದುಹೋಗುತ್ತಿತ್ತು. ಕಂಪನಿಯ ಕಣ್ಣಿಗೆ ಅವನ ದೊಡ್ಡ ಅಪರಾಧವೆಂದರೆ ಅದೇ. 1802ರಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯ ಅರಕೆರೆಯ ಕಾಡುಕೋಟೆಯನ್ನು ಭೇದಿಸಿತು. ನಾಯಕನನ್ನು ಹಿಡಿದು ಗಲ್ಲಿಗೇರಿಸಿದರು. ಮುಂದೆ ವಾಟರ್‌ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಜಗತ್ಪ್ರಸಿದ್ಧನಾದ ವೆಲಿಂಗ್ಟನ್ ಇದೇ ವೆಲ್ಲೆಸ್ಲಿ. ಕಾಡನ್ನು ಕಡಿದು ದಾರಿಗಳನ್ನು ತೆರೆಯುವುದು ಆ ದಂಡಯಾತ್ರೆಯ ಒಂದು ಭಾಗವೇ ಆಗಿತ್ತು. ನಾವಿಂದು ಕಿಟಕಿಯಿಂದ ನೋಡಿ ಸಂತೋಷಪಡುವ ಹಸಿರಿನ ನಡುವಣ ದಾರಿಗೆ ಇಂಥದೊಂದು ಹುಟ್ಟು ಇದೆಯೆಂಬುದನ್ನು ಮರೆಯಲಾಗದು.

ಅದೇ ದಿನಗಳಲ್ಲಿ ಇನ್ನೊಬ್ಬ ಪಯಣಿಗನೂ ಕಡಲಿನಿಂದ ಕಡಲಿಗೆ ಹೋದ. ಅವನ ಕೈಯಲ್ಲಿದ್ದದ್ದು ಕತ್ತಿಯಲ್ಲ, ಲೇಖನಿ. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ 1800ರ ಏಪ್ರಿಲ್ 23ರಂದು ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿದ. ಅವನ ವರದಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಎತ್ತೊಂದು ಎಷ್ಟು ಭಾರ ಹೊರುತ್ತದೆ, ಯಾವ ಊರಿನಿಂದ ಯಾವ ಸರಕು ಎಲ್ಲಿಗೆ ಹೋಗುತ್ತದೆ, ಯಾವ ಧಾನ್ಯವನ್ನು ಹೇಗೆ ಬಿತ್ತುತ್ತಾರೆ ಎಂದು ಅವನು ಊರೂರಿನಲ್ಲೂ ವಿಚಾರಿಸಿ ಬರೆದುಕೊಂಡ. ಗೆದ್ದ ನೆಲದ ಲೆಕ್ಕ ತೆಗೆಯುವುದೇ ಅವನನ್ನು ಕಳಿಸಿದವರ ಉದ್ದೇಶವಾಗಿತ್ತು, ನಿಜ. ಆದರೂ ನಮ್ಮ ಪೂರ್ವಿಕರು ಏನನ್ನು ಉಂಡರು, ಏನನ್ನು ಮಾರಿದರು ಎಂದು ತಿಳಿಯಬೇಕಾದರೆ ಇಂದಿಗೂ ಆ ಪುಟಗಳನ್ನು ತಿರುವಬೇಕು.

ಇಲ್ಲಿಂದ ಮುಂದಿನ ಒಂದೂವರೆ ಶತಮಾನದ ಕಥೆಯಲ್ಲಿ ಒಂದು ವಿಚಿತ್ರವಿದೆ. 1799ರ ನಂತರ ಮಂಗಳೂರಿನ ಸೀಮೆ ಕಂಪನಿಯ ವಶಕ್ಕೆ ಬಂದು, ಮದರಾಸು ಆಧಿಪತ್ಯಕ್ಕೆ ಸೇರಿತು. ಎರಡು ಕಡಲುಗಳ ದಂಡೆಯೂ ಒಂದೇ ಆಳ್ವಿಕೆಯಲ್ಲಿ. ನಡುವೆ ಮೈಸೂರು ಸಂಸ್ಥಾನ ದ್ವೀಪದಂತೆ. ದಕ್ಷಿಣ ಕನ್ನಡದವನು ಉಚ್ಚ ನ್ಯಾಯಾಲಯಕ್ಕೆಂದರೂ ವಿಶ್ವವಿದ್ಯಾನಿಲಯಕ್ಕೆಂದರೂ ಮದರಾಸಿಗೇ ಹೋಗಬೇಕು. ಮಂಜೇಶ್ವರದ ಗೋವಿಂದ ಪೈಗಳು ಓದಿದ್ದು ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ. ಘಟ್ಟದ ಮೇಲಿನ ಹಾಸನ ಇವರಿಗೆ ಪರರಾಜ್ಯ. ಒಂದೇ ನುಡಿಯ ಜನರ ನಡುವೆ ಘಟ್ಟ ಮೊದಲು ಗೋಡೆಯಾಗಿತ್ತು. ಈಗ ಗಡಿಯೂ ಆಯಿತು.

ಆದರೂ ದಾರಿ ಬೇಕಾಗಿತ್ತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ರಸ್ತೆಗಳಿಗೆ ವಿಶೇಷ ಗಮನ ಕೊಟ್ಟ. ಅವನ ಕಾಲದಲ್ಲಿ ಸಂಸ್ಥಾನದಲ್ಲಿ ಒಂದೂವರೆ ಸಾವಿರ ಮೈಲಿಗೂ ಮೀರಿದ ರಸ್ತೆಗಳು ಆದವು. ಘಟ್ಟದ ಕಣಿವೆಗಳು ಗಾಡಿಗಳಿಗೆ ತೆರೆದವು. 1856ರಲ್ಲಿ ಮರಾಮತ್ತು ಇಲಾಖೆ ಪ್ರತ್ಯೇಕವಾಗಿ ಸ್ಥಾಪನೆಯಾಯಿತು. ಅಷ್ಟರಲ್ಲಿ ಮಂಜರಾಬಾದಿನ ಗುಡ್ಡಗಳಲ್ಲಿ ಯೂರೋಪಿಯನ್ ಪ್ಲಾಂಟರುಗಳ ಕಾಫಿ ತೋಟಗಳು ಹಬ್ಬತೊಡಗಿದ್ದವು. ರಾಬರ್ಟ್ ಎಲಿಯಟ್ ಎಂಬ ಪ್ಲಾಂಟರು ಆ ದಿನಗಳ ಬದುಕನ್ನು ಪುಸ್ತಕಗಳಲ್ಲಿ ಬರೆದಿಟ್ಟಿದ್ದಾನೆ. ಕಾಫಿ ಇಳಿಯಬೇಕಾದದ್ದು ಮಂಗಳೂರಿಗೆ. ಹದಮಾಡುವ ಕಾರ್ಖಾನೆಗಳೂ ಹಡಗೂ ಅಲ್ಲೇ. ಟಿಪ್ಪುವಿನ ದಾರಿ ಹೀಗೆ ಕಾಫಿಯ ದಾರಿಯಾಯಿತು.

ರೈಲು ಬಂದಾಗ ಏನಾಯಿತೆಂಬುದೂ ಗಮನಾರ್ಹ. ಮದರಾಸಿನಿಂದ ಬೆಂಗಳೂರಿಗೆ 1864ರಲ್ಲೇ ರೈಲು ಬಂತು. ಪಶ್ಚಿಮದಲ್ಲಿ ಮಂಗಳೂರಿಗೆ 1907ರಲ್ಲಿ ಬಂತು. ಆದರೆ ಅದು ಘಟ್ಟವನ್ನು ಇಳಿದು ಬರಲಿಲ್ಲ. ದಕ್ಷಿಣಕ್ಕೆ ಸುತ್ತಿ, ಪಾಲ್ಘಾಟಿನ ಕಣಿವೆಯಲ್ಲಿ ನುಸುಳಿ, ಮಲಬಾರಿನ ಕರೆಯನ್ನು ಹಿಡಿದು ಬಂತು. ಉಗಿಬಂಡಿಯೂ ಕೈಮುಗಿದ ಬೆಟ್ಟವನ್ನು ಎತ್ತಿನ ಗಾಡಿ ಇನ್ನೂ ಎಪ್ಪತ್ತು ವರ್ಷಗಳ ಕಾಲ ಏರುತ್ತಲೇ ಇತ್ತು.

ಆ ಗಾಡಿಗಳಲ್ಲಿ ಒಂದು ನಮ್ಮ ತಾತನದು. ಸುಗ್ಗಿ ಮುಗಿದಮೇಲೆ ನಮ್ಮ ಕಡೆಯ ಗಾಡಿಗಳು ಅಕ್ಕಿ, ರಾಗಿ, ಹೊಗೆಸೊಪ್ಪುಗಳನ್ನು ಹೇರಿಕೊಂಡು ಸಾಲುಗಟ್ಟಿ ಹೊರಡುತ್ತಿದ್ದವಂತೆ. ಒಂಟಿ ಗಾಡಿ ಘಟ್ಟಕ್ಕೆ ಇಳಿಯುವಂತಿರಲಿಲ್ಲ; ಹುಲಿಯ ಭಯ, ಕಳ್ಳರ ಭಯ, ಎಲ್ಲಕ್ಕಿಂತ ಹೆಚ್ಚಾಗಿ ಇಳಿಜಾರಿನ ಭಯ. ಗಾಲಿಗೆ ಮರದ ತುಂಡನ್ನು ಅಡ್ಡಗಟ್ಟಿ, ಹಿಂದಿನಿಂದ ಹಗ್ಗ ಹಿಡಿದು ಜಗ್ಗುತ್ತ ಇಳಿಸಬೇಕಿತ್ತು. ಬರುವಾಗ ಉಪ್ಪು, ತೆಂಗಿನಕಾಯಿ, ಒಣಮೀನು, ಮಂಗಳೂರು ಹೆಂಚು. ನಡೆದು ಹೋಗುವವರು ಬಿಸಿಲೆಯ ಕಾಡುದಾರಿಯಲ್ಲಿ ಇಳಿದು ಕುಕ್ಕೆಯ ಷಷ್ಠಿಯ ದನಗಳ ಜಾತ್ರೆಗೆ ಹೋಗುತ್ತಿದ್ದರು. ತಾತ ಹೇಳುತ್ತಿದ್ದ ಒಂದು ಮಾತು ನನಗಿನ್ನೂ ನೆನಪಿದೆ: "ಹತ್ತುವಾಗ ಎತ್ತಿನ ಯೋಗ್ಯತೆ ತಿಳಿಯುತ್ತೆ, ಇಳಿಯುವಾಗ ಜೊತೆಗಾರನ ಯೋಗ್ಯತೆ ತಿಳಿಯುತ್ತೆ."

ಮಂಗಳೂರು ಹೆಂಚು ಎಂದೆನಲ್ಲ, ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಹೂಡಿದರು. ಹುಲ್ಲು, ನಾಡಹೆಂಚುಗಳ ನಮ್ಮ ಊರುಗಳ ಮಾಡು ನಿಧಾನವಾಗಿ ಕೆಂಪಾದದ್ದು ಈ ದಾರಿಯಿಂದಲೇ. ಹೆಂಚಿನ ಜೊತೆಗೆ ಅಕ್ಷರವೂ ಬಂತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಟದ್ದು ಘಟ್ಟದ ಕೆಳಗೆ. ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದೂ ಅಲ್ಲೇ. ಉಪ್ಪಿನ ಹಾಗೆ ನಮ್ಮ ಮಾತಿನ ಅರ್ಥಕೋಶವೂ ಘಟ್ಟವನ್ನು ಹತ್ತಿ ಬಂದದ್ದು. ಹೀಗೆ ನೋಡಿದರೆ, ದಾರಿಯನ್ನು ಮಾಡಿಸಿದವರ ಉದ್ದೇಶ ಒಂದಾದರೆ, ಅದರ ಮೇಲೆ ನಡೆದವರ ಉದ್ದೇಶ ಹಲವು.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮೋಟಾರು ಬಂತು. ಮಂಗಳೂರಿನ ಸಿ.ಪಿ.ಸಿ. ಕಂಪನಿಯ ಬಸ್ಸುಗಳು ಕರಾವಳಿಯ ಮನೆಮಾತಾದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಇದ್ದಿಲಿನ ಅನಿಲದಿಂದ ಬಸ್ಸುಗಳನ್ನು ಓಡಿಸಿದರು. ಏರಿನಲ್ಲಿ ಪ್ರಯಾಣಿಕರು ಇಳಿದು ತಳ್ಳುತ್ತಿದ್ದರೆಂದು ಹಿರಿಯರು ನಗುತ್ತ ಹೇಳುತ್ತಿದ್ದರು. ಆ ಯುದ್ಧದ ನಡುವೆಯೇ, 1943ರ ಡಿಸೆಂಬರಿನಲ್ಲಿ, ನಾಗಪುರದಲ್ಲಿ ಸೇರಿದ ಮುಖ್ಯ ಇಂಜಿನಿಯರುಗಳು ದೇಶದ ರಸ್ತೆಗಳನ್ನು ರಾಷ್ಟ್ರೀಯ ಹೆದ್ದಾರಿ, ಪ್ರಾಂತೀಯ ಹೆದ್ದಾರಿ, ಜಿಲ್ಲಾ ರಸ್ತೆ, ಗ್ರಾಮ ರಸ್ತೆ ಎಂದು ವಿಂಗಡಿಸಿದರು. ಚಾತುರ್ವರ್ಣ್ಯ ರಸ್ತೆಗಳಿಗೂ ಬಂತು ಎನ್ನಬಹುದು.

1956 ನಮ್ಮ ಕಥೆಯಲ್ಲಿ ಮುಖ್ಯವಾದ ವರ್ಷ. ರಾಷ್ಟ್ರೀಯ ಹೆದ್ದಾರಿಗಳ ಕಾಯಿದೆ ಆದದ್ದು ಆ ವರ್ಷ. ನವೆಂಬರ್ 1ರಂದು ದಕ್ಷಿಣ ಕನ್ನಡವೂ ಕೊಡಗೂ ಮೈಸೂರಿನೊಡನೆ ಒಂದಾದದ್ದೂ ಆ ವರ್ಷವೇ. ಬೆಂಗಳೂರು–ಮಂಗಳೂರು ದಾರಿಗೆ 48ನೆಯ ಸಂಖ್ಯೆ ಬಂತು, ಉದ್ದ 328 ಕಿಲೋಮೀಟರು. ಬೆಂಗಳೂರಿನಿಂದ ಮದರಾಸಿನ ದಾರಿ 4ನೆಯ ಸಂಖ್ಯೆಯ ಹೆದ್ದಾರಿಯ ಭಾಗವಾಯಿತು. ಘಟ್ಟ ಗಡಿಯಾಗಿ ಉಳಿಯಲಿಲ್ಲ.

ಗಡಿ ಅಳಿದದ್ದಕ್ಕೆ ನಮ್ಮ ಮನೆಯಲ್ಲೇ ಒಂದು ಸಾಕ್ಷಿಯಿತ್ತು. ಏಕೀಕರಣವಾದ ಏಳನೆಯ ವರ್ಷ ನಮ್ಮ ಅಕ್ಕನನ್ನು ಪುತ್ತೂರಿನ ಕಡೆಗೆ ಕೊಟ್ಟರು. ಅಜ್ಜಿ ಒಪ್ಪಿರಲಿಲ್ಲ. "ಘಟ್ಟದ ಕೆಳಗೆ ಹೆಣ್ಣು ಕೊಟ್ಟರೆ ಮಳೆಗಾಲದ ನಾಲ್ಕು ತಿಂಗಳು ಸತ್ತರೂ ಸುದ್ದಿಯಿಲ್ಲ, ಕೆಟ್ಟರೂ ಸುದ್ದಿಯಿಲ್ಲ" ಎಂದರು. ನಮ್ಮ ತಂದೆ ನಕ್ಕು, "ಅಮ್ಮ, ಈಗ ಬಸ್ಸಿದೆ, ದಾರಿಯಿದೆ, ರಾಜ್ಯ ಒಂದಾಗಿದೆ" ಎಂದರು. ಬೆಳಗ್ಗೆ ಹೊರಟ ದಿಬ್ಬಣ ಸಂಪಾಜೆಯನ್ನು ಇಳಿದು ದೀಪ ಹಚ್ಚುವ ಹೊತ್ತಿಗೆ ಪುತ್ತೂರನ್ನು ಸೇರಿತು. ಹಿಂದೆ ಗಾಡಿಗೆ ವಾರ ಹಿಡಿಯುತ್ತಿದ್ದ ದಾರಿ ಅದು. ಮುಂದೆ ಐವತ್ತು ವರ್ಷ ಅಕ್ಕ ಆ ದಾರಿಯಲ್ಲಿ ತೌರಿಗೆ ಬಂದುಹೋದಳು. ಬರುವಾಗ ಹಲಸಿನ ಹಪ್ಪಳ, ಮಾವಿನ ಮಿಡಿ. ಹೋಗುವಾಗ ರಾಗಿಹಿಟ್ಟು, ಅವರೆಬೇಳೆ. ಅವಳ ಮಾತಿಗೆ ಕರಾವಳಿಯ ಸೊಗಸು ಬಂತು; ಅವಳ ಮಕ್ಕಳ ಮಾತಿನಲ್ಲಿ ನಮ್ಮ 'ಕಣೋ', 'ಕಣೇ' ಉಳಿದವು. ಏಕೀಕರಣವೆಂದರೆ ಏನೆಂದು ನಾನು ಕಲಿತದ್ದು ಭಾಷಣಗಳಿಂದಲ್ಲ, ಈ ಕೈಚೀಲಗಳಿಂದ.

ಎಪ್ಪತ್ತರ ದಶಕದಲ್ಲಿ ದಾರಿಯ ಹೊರೆ ಬದಲಾಯಿತು. 1974ರಲ್ಲಿ ನವ ಮಂಗಳೂರು ದೊಡ್ಡ ಬಂದರೆಂದು ಘೋಷಿತವಾಯಿತು. 1979ರಲ್ಲಿ ಹಾಸನ–ಮಂಗಳೂರು ರೈಲುಮಾರ್ಗ ಮುಗಿದು, ಕೊನೆಗೂ ಉಗಿಬಂಡಿ ಆ ಗೋಡೆಯನ್ನು ಇಳಿಯಿತು; ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗಗಳನ್ನು ಕೊರೆಯಬೇಕಾಯಿತು. 1996ರಲ್ಲಿ ಹಳಿ ಅಗಲಗೊಳಿಸಲು ಅದನ್ನು ನಿಲ್ಲಿಸಿದರು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಆ ವರ್ಷಗಳಲ್ಲಿ ಬಹುಪಾಲು ಭಾರ ರಸ್ತೆಯ ಮೇಲೆಯೇ ಬಿತ್ತು. ಅದಿರಿನ ಲಾರಿಗಳು, ಎಣ್ಣೆಯ ಟ್ಯಾಂಕರುಗಳು, ಅಡುಗೆ ಅನಿಲದ ಬುಲೆಟ್ಟುಗಳು ರಾತ್ರಿಯಿಡೀ ಏರಿಳಿದವು. 2013ರ ಏಪ್ರಿಲಿನಲ್ಲಿ ಉಪ್ಪಿನಂಗಡಿಯ ಬಳಿಯ ಪೆರ್ನೆಯಲ್ಲಿ ಅನಿಲದ ಟ್ಯಾಂಕರು ಉರುಳಿ ಹೊತ್ತಿಕೊಂಡಾಗ, ದಾರಿಯ ಬದಿಯ ಮನೆಗಳಲ್ಲಿದ್ದವರು, ಎಲ್ಲಿಗೂ ಹೊರಡದಿದ್ದವರು, ಸುಟ್ಟುಹೋದರು.

2010ರಲ್ಲಿ ದೇಶದ ಹೆದ್ದಾರಿಗಳಿಗೆ ಹೊಸ ಸಂಖ್ಯೆಗಳನ್ನು ಕೊಟ್ಟರು. ಉತ್ತರ ದಕ್ಷಿಣವಾಗಿ ಹೋಗುವವಕ್ಕೆ ಸರಿಸಂಖ್ಯೆ, ಪೂರ್ವ ಪಶ್ಚಿಮವಾಗಿ ಹೋಗುವವಕ್ಕೆ ಬೆಸಸಂಖ್ಯೆ. ನಮ್ಮ ದಾರಿ ಬಂಟ್ವಾಳದಿಂದ ವೆಲ್ಲೂರಿನವರೆಗೆ 75 ಆಯಿತು. ಮಡಿಕೇರಿಯ ದಾರಿ 275. ಕೊಣನೂರಿಗೂ ಒಂದು ಗೌರವವುಂಟು: ಇಲ್ಲಿಂದ ಕೊಡಗನ್ನು ಹಾದು ಕೇರಳದ ಗಡಿಯ ಮಾಕುಟ್ಟದವರೆಗೆ ಹೋಗುವ ರಾಜ್ಯ ಹೆದ್ದಾರಿ ಕೊಣನೂರು–ಮಾಕುಟ್ಟ ರಸ್ತೆಯೆಂದೇ ಹೆಸರಾಗಿದೆ. ಹಾಸನದಿಂದ ಪೂರ್ವಕ್ಕೆ ದಾರಿ ನಾಲ್ಕು ಪಥವಾಯಿತು. ಬಯಲಿನಲ್ಲಿ ಕಾರುಗಳು ಹಾರತೊಡಗಿದವು. ಹಳೆಯ ಸಾಲುಮರಗಳೂ, ಹೊರೆ ಇಳಿಸುವ ಕಲ್ಲುಗಳೂ, ಅರವಟ್ಟಿಗೆಯ ಕಟ್ಟೆಗಳೂ ಹೋದವು. ಬಯಲು ದಾರಿಯನ್ನು ಒಪ್ಪಿಕೊಳ್ಳುತ್ತದೆ. ಬೆಟ್ಟ ಒಪ್ಪಿಕೊಳ್ಳುವುದಿಲ್ಲ. ಶಿರಾಡಿಯ ಘಾಟಿಯನ್ನು 2015ರಲ್ಲೊಮ್ಮೆ, 2018ರಲ್ಲೊಮ್ಮೆ ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟು ಹಾಸಿದರು. 2018ರ ಜುಲೈಯಲ್ಲಿ ಹೊಸ ದಾರಿ ತೆರೆಯಿತು. ಆಗಸ್ಟಿನಲ್ಲಿ ಗುಡ್ಡ ಕುಸಿಯಿತು.

ಆ ಆಗಸ್ಟನ್ನು ನಾನು ಮರೆಯಲಾರೆ. ಕಾವೇರಿ ದಡ ಮೀರಿ ರಾಮನಾಥಪುರದ ಮನೆಗಳಿಗೆ ನುಗ್ಗಿದ್ದಳು. ಮಡಿಕೇರಿಯಿಂದ ಸಂಪಾಜೆಯವರೆಗೆ, ಜೋಡುಪಾಲ, ಮದೆನಾಡುಗಳ ಬಳಿ ಬೆಟ್ಟವೇ ದಾರಿಯ ಮೇಲೆ ಬಂದು ಕುಳಿತಿತ್ತು. ಎಷ್ಟೋ ಮನೆಗಳು, ಮನುಷ್ಯರು ಮಣ್ಣಿನಡಿ ಸೇರಿದ್ದರು. ಶಿರಾಡಿ ಮುಚ್ಚಿತ್ತು. ರೈಲಿನ ಹಳಿಯ ಮೇಲೂ ಮಣ್ಣು. ಬಿಸಿಲೆಯ ದಾರಿಯನ್ನು ನಂಬುವಂತಿರಲಿಲ್ಲ. ಚಾರ್ಮಾಡಿಯ ಸುದ್ದಿ ಗಳಿಗೆಗೊಂದು ಬಗೆ. ಅದೇ ವಾರ ಪುತ್ತೂರಿನಲ್ಲಿ ಅಕ್ಕ ಹಾಸಿಗೆ ಹಿಡಿದಳು. ದೂರವಾಣಿಯಲ್ಲಿ ಅವಳ ದನಿ ಮೆಲ್ಲಗೆ ಬಂತು: "ನೀನು ಹೊರಡಬೇಡ ಕಣೋ. ದಾರಿ ಚೆನ್ನಾಗಿಲ್ಲ. ಬಿಸಿಲು ಬಂದಮೇಲೆ ಬಾ." ಮಾರನೆಯ ದಿನ ಅವಳಿರಲಿಲ್ಲ. ನಾನೂ ನನ್ನ ಮಗನೂ ಹಾಸನದವರೆಗೆ ಹೋಗಿ, ರಾತ್ರಿಯಿಡೀ ಬಸ್ ನಿಲ್ದಾಣದಲ್ಲಿ ಕುಳಿತು, ಬೆಳಗ್ಗೆ ಹಿಂದಿರುಗಿದೆವು. ಒಡಹುಟ್ಟಿದವಳ ಮುಖವನ್ನು ಕೊನೆಯ ಬಾರಿ ನೋಡುವ ಭಾಗ್ಯ ನನಗಿರಲಿಲ್ಲ. ಹದಿಮೂರನೆಯ ದಿನಕ್ಕೆ ಚಾರ್ಮಾಡಿಯ ಸುತ್ತುದಾರಿಯಲ್ಲಿ ಇಳಿದು ಹೋದೆ. ಅಜ್ಜಿ ಐವತ್ತೈದು ವರ್ಷದ ಹಿಂದೆ ಆಡಿದ್ದ ಮಾತು ದಾರಿಯುದ್ದಕ್ಕೂ ಕಿವಿಯಲ್ಲಿತ್ತು. ಅವರ ಮಾತಿನಲ್ಲಿ ಅರ್ಧ ಸುಳ್ಳಾಗಿತ್ತು: ಸುದ್ದಿ ಬಂದಿತ್ತು. ಇನ್ನರ್ಧ ನಿಜವೇ ಆಗಿತ್ತು.

ಆಮೇಲೆ ನಾನು ಇದನ್ನು ಬಹಳ ಸಲ ಯೋಚಿಸಿದ್ದೇನೆ. ಯಾರ ಮೇಲೆ ಸಿಟ್ಟು ಮಾಡಲಿ? ಮಳೆಯ ಮೇಲೆಯೇ? ಮಳೆ ಹಿಂದೆಯೂ ಇತ್ತು. ಹಳೆಯ ದಾರಿ ಬೆಟ್ಟದ ಮೈಯನ್ನು ಬಳಸಿ, ಬಾಗಿ, ನಿಧಾನವಾಗಿ ಏರುತ್ತಿತ್ತು. ಮಳೆಗಾಲದಲ್ಲಿ ಬೆಟ್ಟಕ್ಕೆ ರಜೆ ಕೊಡುತ್ತಿತ್ತು. ನಾವು ಅದನ್ನು ನೆಟ್ಟಗೆ, ಅಗಲಕ್ಕೆ, ಹನ್ನೆರಡು ತಿಂಗಳಿಗೂ ಬೇಕೆಂದು ಕಡಿದೆವು. ಇಳಿಜಾರಿನ ಬುಡವನ್ನು ನೆಟ್ಟಗೆ ಕತ್ತರಿಸಿದರೆ ಮೇಲಿನ ಮಣ್ಣಿಗೆ ಆಧಾರ ತಪ್ಪುತ್ತದೆ. ಮರಗಳ ಬೇರು ಹೋದಮೇಲೆ ನೀರು ಒಳಗಿಳಿದು ಮಣ್ಣನ್ನು ಕೆಸರು ಮಾಡುತ್ತದೆ. ಹರಿದುಹೋಗಲು ಚರಂಡಿಯಿಲ್ಲದ ನೀರು ತಾನೇ ದಾರಿ ಮಾಡಿಕೊಳ್ಳುತ್ತದೆ. ಇದನ್ನು ತಿಳಿಯಲು ದೊಡ್ಡ ವಿಜ್ಞಾನ ಬೇಕಾಗಿಲ್ಲ. ಗದ್ದೆಯ ಬದು ಕಡಿದ ರೈತನಿಗೂ ಗೊತ್ತು. 2024ರ ಜುಲೈಯಲ್ಲಿ ಸಕಲೇಶಪುರದ ಬಳಿ ದೊಡ್ಡತಪ್ಪಲೆಯಲ್ಲಿ ಮತ್ತೆ ಗುಡ್ಡ ಜರಿಯಿತು. ಅದೇ ತಿಂಗಳು ಅಂಕೋಲೆಯ ಶಿರೂರಿನಲ್ಲಿ, ಇನ್ನೊಂದು ಹೆದ್ದಾರಿಯ ಮೇಲೆ, ಬೆಟ್ಟ ಬಿದ್ದು ಜೀವಗಳು ಹೋದವು. ಪಶ್ಚಿಮಘಟ್ಟ 2012ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಪರಂಪರೆಯೆಂದರೆ ಕೇಳಿಸಿಕೊಳ್ಳುವುದೂ ಹೌದು ಎಂಬುದನ್ನು ಮರೆಯುತ್ತೇವೆ.

ದಾರಿಯೇ ಬೇಡವೆಂದು ನಾನು ಹೇಳುತ್ತಿಲ್ಲ. ದಾರಿಯಿಲ್ಲದಿದ್ದರೆ ಅಕ್ಕ ನಮಗೆ ಅರ್ಧ ಶತಮಾನ ಸಿಗುತ್ತಿರಲಿಲ್ಲ. ದಾರಿಯಿದ್ದೂ ಕೊನೆಯ ದಿನ ಸಿಗಲಿಲ್ಲ. ಈ ಎರಡು ಮಾತುಗಳನ್ನೂ ಒಟ್ಟಿಗೆ ಹಿಡಿದು ಯೋಚಿಸಬೇಕಾಗಿದೆ. ಸುಲ್ತಾನ ದಾರಿಯನ್ನು ಕೋಟೆಗಾಗಿ ಕಾದ; ಕಂಪನಿ ಸೈನ್ಯಕ್ಕಾಗಿ ತೆರೆಯಿತು; ಪ್ಲಾಂಟರು ಕಾಫಿಗಾಗಿ ಬಯಸಿದ; ನಮ್ಮ ಕಾಲ ಎಣ್ಣೆಗೂ ವೇಗಕ್ಕೂ ಅಗಲಿಸಿತು. ಇವರಲ್ಲಿ ಯಾರೂ ಉಪ್ಪು ತರುವವನನ್ನು, ತೌರಿಗೆ ಬರುವವಳನ್ನು ಮನಸ್ಸಿನಲ್ಲಿಟ್ಟು ದಾರಿ ಮಾಡಿದವರಲ್ಲ. ಆದರೆ ಎಲ್ಲರ ಕಾಲದಲ್ಲೂ ದಾರಿಗೆ ಅರ್ಥ ಬಂದದ್ದು ಇವರಿಂದಲೇ. ಬೆಂಗಳೂರಿನಿಂದ ಮಂಗಳೂರಿಗೆ ಒಂದು ಗಂಟೆ ಮುಂಚೆ ತಲುಪುವುದು ಹೆಚ್ಚೇ, ಶ್ರಾವಣದಲ್ಲೂ ನಂಬಿ ಹೊರಡಬಹುದಾದ ಒಂದು ಸಾಧಾರಣ ದಾರಿ ಹೆಚ್ಚೇ ಎಂದು ಯಾರಾದರೂ ನನ್ನನ್ನು ಕೇಳಿದರೆ ನನ್ನ ಉತ್ತರ ಸಿದ್ಧವಾಗಿದೆ.

ಕಳೆದ ಚಳಿಗಾಲದಲ್ಲಿ ಮೊಮ್ಮಗಳನ್ನು ಮಂಕನಹಳ್ಳಿಗೆ ಕರೆದುಕೊಂಡು ಹೋಗಿ ಆ ಕಲ್ಲನ್ನು ತೋರಿಸಿದೆ. ಅವಳು ಕೈಯಲ್ಲಿದ್ದ ಸೀಸೆಯ ನೀರನ್ನು ಕಲ್ಲಿನ ನೆತ್ತಿಯ ಮೇಲೆ ಸುರಿದಳು. ಅರ್ಧ ಅತ್ತ, ಅರ್ಧ ಇತ್ತ ಹರಿಯಿತು. "ತಾತ, ಇವೆರಡೂ ಮತ್ತೆ ಸೇರುವುದಿಲ್ಲವೆ?" ಎಂದಳು. ಸೇರುತ್ತವೆ ಎಂದೆ. ಕನ್ಯಾಕುಮಾರಿಯ ಬಳಿ ಎರಡು ಕಡಲುಗಳೂ ಕೂಡುತ್ತವೆ. ಆದರೆ ಅದು ಬಹಳ ಸುತ್ತಿನ ದಾರಿ. ಊರಿಗೆ ಮರಳಿದಮೇಲೆ, ಕಲ್ಲಿನ ಹಳೆಯ ಮರಿಗೆಯನ್ನು ಹಿತ್ತಲಿನಿಂದ ತಂದು, ತೊಳೆದು, ಒಂದಿಷ್ಟು ಹರಳುಪ್ಪನ್ನು ಅದರಲ್ಲಿ ತುಂಬಿಸಿಟ್ಟೆ. ಈ ಆಷಾಢದಲ್ಲಿ ಅದು ಮತ್ತೆ ನೀರೊಡೆಯಿತು.